ಡಾಲಿ ಪಾರ್ಟನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಹಾಡು ಕೇಳುವ ಗೆಳೆಯರಿಗೆ ಡಾಲಿ ಪಾರ್ಟನ್ ಅವರ ಹಾಡು ಕಳಿಸಿದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ವಾಪಸ್ ಬರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೆಲವು ಉತ್ತರ ಎರಡೇ ಸಾಲು, ಕೆಲವು ಉದ್ದ. ಹೇಳೋದು ಜಾಸ್ತಿ ಇರುವ ಕಡೆ ಕೈ ಬಿಗಿ ಹಿಡಿದಿಲ್ಲ.

ಯಾರಿವರು? ಒಂದೆರಡು ಮಾತಲ್ಲಿ ಹೇಳಿ.

ಅಮೆರಿಕದ ಟೆನೆಸಿ ರಾಜ್ಯದ ಗುಡ್ಡಗಾಡಿನಲ್ಲಿ 1946ರ ಜನವರಿ 19ರಂದು ಹುಟ್ಟಿದ ಹಾಡುಗಾರ್ತಿ. ಹಾಡುವುದಕ್ಕಿಂತ ಮೊದಲು ಅವರು ಹಾಡು ಬರೆಯುವವರು, ತಮ್ಮನ್ನು ಹಾಗೆ ಕರೆದುಕೊಳ್ಳುವುದೇ ಅವರಿಗೆ ಇಷ್ಟ. ಇಲ್ಲಿಯವರೆಗೆ 3000ದಷ್ಟು ಹಾಡು ಬರೆದಿದ್ದೇನೆ ಅಂತ ಅವರೇ ಹೇಳುತ್ತಾರೆ. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಕಂಟ್ರಿ ಪಟ್ಟಿಯಲ್ಲಿ ಅವರ 25 ಹಾಡು ಮೊದಲ ಸ್ಥಾನ ಹಿಡಿದಿವೆ. ಸಿನಿಮಾದಲ್ಲಿ ನಟಿಸಿದ್ದಾರೆ, ಸ್ವಂತ ಹೆಸರಿನ ಥೀಮ್ ಪಾರ್ಕ್ ನಡೆಸುತ್ತಾರೆ, ಮಕ್ಕಳಿಗೆ ಕೋಟಿಗಟ್ಟಲೆ ಪುಸ್ತಕ ಹಂಚಿದ್ದಾರೆ.

'ಡಾಲಿ' ಅಂದ ಕೂಡಲೇ ನಮ್ಮಲ್ಲಿ 'ಟಗರು' ಸಿನಿಮಾದ ಧನಂಜಯ ನೆನಪಾಗುತ್ತಾರೆ, ಇಲ್ಲಾಂದ್ರೆ ಶಾಲೆಯಲ್ಲಿ ಓದಿದ ಕುರಿ. ಕುರಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ತುಂಬಾ ಬಡ ಕುಟುಂಬವಂತೆ, ನಿಜವಾ?

ನಿಜ. ಲಿಟಲ್ ಪಿಜನ್ ನದಿಯ ದಂಡೆಯಲ್ಲಿ ಒಂದೇ ಕೋಣೆಯ ಮರದ ಮನೆ. ಸೆವಿಯರ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ಸ್ಮೋಕಿ ಬೆಟ್ಟಗಳ ಮಗ್ಗುಲು. 12 ಮಕ್ಕಳಲ್ಲಿ ಇವರು ನಾಲ್ಕನೆಯವರು. ಹೆರಿಗೆ ಮಾಡಿಸಲು ಬಂದ ಡಾಕ್ಟರಿಗೆ ಕೊಡಲು ದುಡ್ಡಿರಲಿಲ್ಲ. ಅಪ್ಪ ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಕೊಟ್ಟರು. ಆ ಡಾಕ್ಟರ ಹೆಸರು ರಾಬರ್ಟ್ ಎಫ್. ಥಾಮಸ್, ಮುಂದೆ 1973ರಲ್ಲಿ ಈ ಡಾಕ್ಟರ ಮೇಲೂ ಡಾಲಿ ಒಂದು ಹಾಡು ಹೊರತಂದರು.

ಅಪ್ಪ ರಾಬರ್ಟ್ ಲೀ ಪಾರ್ಟನ್ ಮೊದಲು ಬೇರೆಯವರ ಹೊಲ ಪಾಲಿಗೆ ಮಾಡುತ್ತಿದ್ದರು, ಆಮೇಲೆ ಸ್ವಂತ ತುಂಡು ಜಮೀನು ಮಾಡಿಕೊಂಡು ಹೊಗೆಸೊಪ್ಪು ಬೆಳೆದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಲೆಕ್ಕದಲ್ಲಿ, ವ್ಯವಹಾರದಲ್ಲಿ ಅವರಷ್ಟು ಚುರುಕಿನ ಮನುಷ್ಯನನ್ನು ನಾನು ನೋಡಿಲ್ಲ ಅಂತ ಮಗಳು ಹೇಳುತ್ತಲೇ ಬಂದಿದ್ದಾರೆ. ಈ ಅಪ್ಪನನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮಗಳು ಮುಂದೆ ಮಾಡಿದ್ದರಲ್ಲಿ ಅರ್ಧಕ್ಕರ್ಧ ಇವರಿಂದಲೇ ಹುಟ್ಟಿದ್ದು ಅಂತ ನನಗನ್ನಿಸುತ್ತದೆ.

ಅಮ್ಮ ಏವಿ ಲೀ ಹಳೆಯ ಕಥನ ಹಾಡುಗಳ ಕಣಜ. ಅವರ ತಂದೆ ಚರ್ಚಿನಲ್ಲಿ ಪಾದ್ರಿ, ಹಾಗಾಗಿ ಮನೆಯಲ್ಲೂ ಹಾಡು, ಚರ್ಚಿನಲ್ಲೂ ಹಾಡು. ಡಾಲಿ ಮೊದಲ ಹಾಡು ಕಟ್ಟಿದ್ದು ಸುಮಾರು 5 ವರ್ಷದವರಿದ್ದಾಗ. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡಿನಲ್ಲಿ ಮನೆಯವರು ಒಂದು ಗೊಂಬೆ ಮಾಡಿಕೊಟ್ಟಿದ್ದರು, ಆ ಗೊಂಬೆಯ ಮೇಲೆ ಹಾಡು. ಮಗುವಿಗೆ ಇನ್ನೂ ಬರೆಯೋಕೆ ಬರುತ್ತಿರಲಿಲ್ಲ. ಅಮ್ಮ ಕೇಳಿಸಿಕೊಂಡು ಕಾಗದದ ಮೇಲೆ ಬರೆದಿಟ್ಟರು.

ಕಂಟ್ರಿ ಅಂದ್ರೆ ಏನು? ಕಂಟ್ರಿ ಪಾಪ್ ಅಂದ್ರೆ?

ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡ್ ಕಡೆಯಿಂದ ಬಂದು ಅಪಲೇಚಿಯನ್ ಬೆಟ್ಟಗಳಲ್ಲಿ ನೆಲೆಸಿದ ಜನ ತಮ್ಮ ಹಳೆಯ ಹಾಡುಗಳನ್ನು ಜೊತೆಗೆ ತಂದಿದ್ದರು. ಗುಲಾಮರಾಗಿ ಬಂದ ಆಫ್ರಿಕಾದ ಜನರ ಮೂಲಕ ಬ್ಯಾಂಜೋ ಬಂತು, ಬ್ಲೂಸ್ ಬೆರೆಯಿತು. ಪಿಟೀಲು, ಗಿಟಾರ್, ಸ್ಟೀಲ್ ಗಿಟಾರಿನ ಎಳೆದೆಳೆದು ಅಳುವ ದನಿ, ಜೊತೆಗೆ ಒಂದು ಕಥೆ. ಕಂಟ್ರಿಯ ಜೀವ ಆ ಕಥೆಯೇ. ಕಂಟ್ರಿ ಪಾಪ್‌ನಲ್ಲಿ ಕಥೆ ಉಳಿಯುತ್ತದೆ, ವಾದ್ಯಗಳು ನಯವಾಗುತ್ತವೆ, ಪಟ್ಟಣದ ರೇಡಿಯೋಗೂ ಹೊಂದುತ್ತದೆ.

ಡಾಲಿ ಆ ದಾಟು ದಾಟಿದ್ದು 1977ರಲ್ಲಿ, 'ಹಿಯರ್ ಯು ಕಮ್ ಅಗೇನ್' ಹಾಡಿನಿಂದ. ವಿಚಿತ್ರ ಅಂದ್ರೆ ಅದು ಅವರು ಬರೆದ ಹಾಡಲ್ಲ, ಬ್ಯಾರಿ ಮ್ಯಾನ್ ಮತ್ತು ಸಿಂಥಿಯಾ ವೈಲ್ ಬರೆದದ್ದು. ರೆಕಾರ್ಡಿಂಗ್ ತೀರಾ ನಯವಾಗಿ ಬಂದಾಗ ಡಾಲಿಗೆ ಊರಿನವರು ಏನಂದುಕೊಳ್ಳುತ್ತಾರೋ ಅಂತ ಭಯ ಆಯಿತು. ಸ್ಟೀಲ್ ಗಿಟಾರ್ ಸೇರಿಸಿ ಅಂತ ಹಟ ಹಿಡಿದರು, ಯಾರಾದರೂ 'ಇದು ಕಂಟ್ರಿ ಅಲ್ಲ' ಅಂದರೆ ತೋರಿಸಲು ಒಂದು ಸಾಕ್ಷಿ ಇರಲಿ ಅಂತ. ಹಾಡು ಕಂಟ್ರಿ ಪಟ್ಟಿಯಲ್ಲಿ ಮೊದಲನೆಯದಾಯಿತು, ಪಾಪ್ ಪಟ್ಟಿಯಲ್ಲಿ 3ನೆಯದು. ಅವರಿಗೆ ಮೊದಲ ಗ್ರ್ಯಾಮಿ ಪ್ರಶಸ್ತಿ ಬಂದದ್ದೂ 'ಹಿಯರ್ ಯು ಕಮ್ ಅಗೇನ್'ಗೇ. ಕಂಟ್ರಿಯನ್ನು ಬಿಟ್ಟು ಹೋದಳು ಅಂತ ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ನಲ್ಲಿ ಬೈದವರಿಗೆ ಅವರ ಉತ್ತರ ಸರಳ: ಬಿಟ್ಟು ಹೋಗ್ತಿಲ್ಲ, ಜೊತೆಗೆ ಕರ್ಕೊಂಡು ಹೋಗ್ತಿದ್ದೀನಿ.

ಶುರುವಾಗಿದ್ದು ಹೇಗೆ?

ಹಳೆಯ ಮ್ಯಾಂಡೋಲಿನ್ ಒಂದಕ್ಕೆ ಎರಡು ತಂತಿ ಕಟ್ಟಿಕೊಂಡು ಬಾರಿಸುತ್ತಿದ್ದ ಹುಡುಗಿಗೆ ಸೋದರಮಾವ ಬಿಲ್ ಓವೆನ್ಸ್ ನಿಜವಾದ ಗಿಟಾರ್ ತಂದುಕೊಟ್ಟರು. ಅವರೇ ಕಾರಿನಲ್ಲಿ ಊರೂರು ಕರೆದುಕೊಂಡು ಹೋದರು. 10 ವರ್ಷಕ್ಕೆ ನಾಕ್ಸ್‌ವಿಲ್ ಪಟ್ಟಣದ ರೇಡಿಯೋ, ಟಿವಿ ಕಾರ್ಯಕ್ರಮಗಳಲ್ಲಿ ಹಾಡುತ್ತಿದ್ದರು. 13ಕ್ಕೆ ಮೊದಲ ರೆಕಾರ್ಡು. ಅದೇ ವಯಸ್ಸಿನಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ವೇದಿಕೆ ಹತ್ತಿದರು, ಪರಿಚಯ ಮಾಡಿಕೊಟ್ಟವರು ಹೆಸರಾಂತ ಕಂಟ್ರಿ ಹಾಡುಗಾರ ಜಾನಿ ಕ್ಯಾಶ್.

1964ರಲ್ಲಿ ಹೈಸ್ಕೂಲು ಮುಗಿಸಿದರು. ಮರುದಿನವೇ ಬಸ್ ಹತ್ತಿ ನ್ಯಾಶ್‌ವಿಲ್‌ಗೆ ಹೊರಟರು. ಮರುದಿನ ಅಂದರೆ ಮರುದಿನವೇ. ಮೊದಲು ಕೈಹಿಡಿದದ್ದು ಬರವಣಿಗೆ: ಮಾವನ ಜೊತೆ ಸೇರಿ ಬರೆದ ಹಾಡೊಂದನ್ನು ಬಿಲ್ ಫಿಲಿಪ್ಸ್ ಹಾಡಿದರು, 1966ರಲ್ಲಿ ಅದು ಗೆದ್ದಿತು, ಅದರಲ್ಲಿ ಹಿಂದಿನಿಂದ ಕೇಳುವ ಹೆಣ್ಣುದನಿ ಯಾರದ್ದು ಅಂತ ಜನ ಕೇಳತೊಡಗಿದರು. ಆ ವರ್ಷವೇ ಸೋದರಮಾವ ಮತ್ತು ಸೊಸೆ ಸೇರಿ ತಮ್ಮ ಹಾಡುಗಳಿಗಾಗಿ ಸ್ವಂತ ಪಬ್ಲಿಷಿಂಗ್ ಕಂಪನಿ, ಅಂದರೆ ಹಾಡಿನ ಹಕ್ಕು ಇಟ್ಟುಕೊಳ್ಳುವ ಕಂಪನಿ, ಮಾಡಿಕೊಂಡರು. ಡಾಲಿಗಾಗ 20 ವರ್ಷ. ಕೈಯಲ್ಲಿ ದುಡ್ಡಿಲ್ಲ, ಹೆಸರಿಲ್ಲ, ಆದರೂ ಮೊದಲು ನೋಡಿಕೊಂಡದ್ದು ಹಾಡಿನ ಪತ್ರ ಯಾರ ಹೆಸರಲ್ಲಿ ಇರುತ್ತೆ ಅನ್ನೋದನ್ನು. ನನಗೆ ಇದು ಅವರ ಯಾವ ಹಿಟ್ ಹಾಡಿಗಿಂತಲೂ ದೊಡ್ಡ ವಿಷಯ.

ಪೋರ್ಟರ್ ವ್ಯಾಗನರ್ ಯಾರು? ಅವರ ಜೊತೆ ಜಗಳ ಯಾಕಾಯಿತು?

ಟಿವಿಯಲ್ಲಿ ದೊಡ್ಡ ಕಾರ್ಯಕ್ರಮ ನಡೆಸುತ್ತಿದ್ದ ಕಂಟ್ರಿ ಹಾಡುಗಾರ. 1967ರಲ್ಲಿ ಡಾಲಿಯನ್ನು ವರ್ಷಕ್ಕೆ 60,000 ಡಾಲರ್ ಸಂಬಳಕ್ಕೆ ಸೇರಿಸಿಕೊಂಡರು. ಅದಕ್ಕೆ ಮುಂಚೆ ಆ ಜಾಗದಲ್ಲಿ ನಾರ್ಮಾ ಜೀನ್ ಎಂಬ ಜನಪ್ರಿಯ ಹಾಡುಗಾರ್ತಿ ಇದ್ದರು. ಮೊದಮೊದಲು ಡಾಲಿ ವೇದಿಕೆಗೆ ಬಂದರೆ ಜನ ನಾರ್ಮಾ ಜೀನ್ ಹೆಸರು ಹಿಡಿದು ಕೂಗುತ್ತಿದ್ದರು. ಅಲ್ಲೇ ನಿಂತು ಹಾಡಿ ಹಾಡಿ ಜನರನ್ನು ಗೆದ್ದುಕೊಂಡರು.

5 ವರ್ಷಕ್ಕೆ ಅಂತ ಒಪ್ಪಿಕೊಂಡಿದ್ದು 7 ವರ್ಷವಾಯಿತು. ಸ್ವಂತವಾಗಿ ಹೊರಡಬೇಕು ಅಂದರೆ ಪೋರ್ಟರ್ ಬಿಡಲೊಲ್ಲರು. ದಿನಾ ವಾದ, ದಿನಾ ಮುನಿಸು. ಮಾತಿನಲ್ಲಿ ಹೇಳಿದರೆ ಕೇಳಿಸಿಕೊಳ್ಳುವುದಿಲ್ಲ ಅಂತ ಗೊತ್ತಾದ ಮೇಲೆ ಒಂದು ರಾತ್ರಿ ಕೂತು ಹಾಡು ಬರೆದರು. ಮರುದಿನ ಬೆಳಿಗ್ಗೆ ಅವರ ಆಫೀಸಿಗೆ ಹೋಗಿ, ಎದುರಿಗೆ ಕೂರಿಸಿಕೊಂಡು, ಗಿಟಾರ್ ಹಿಡಿದು ಹಾಡಿದರು. ನಾನು ಹೋಗುತ್ತೇನೆ, ನಿಮ್ಮ ಮೇಲಿನ ಪ್ರೀತಿ ಹೋಗುವುದಿಲ್ಲ, ಅಷ್ಟೇ ಅದರ ಸಾರ. ಪೋರ್ಟರ್ ಅತ್ತರು. ಇದನ್ನು ರೆಕಾರ್ಡ್ ಮಾಡಿಸಲು ನನಗೆ ಬಿಡುವುದಾದರೆ ಹೋಗು ಅಂದರು. ಆ ಹಾಡೇ 'ಐ ವಿಲ್ ಆಲ್ವೇಸ್ ಲವ್ ಯು'.

ಅಲ್ಲಿಗೆ ಮುಗಿಯಲಿಲ್ಲ. 1979ರಲ್ಲಿ ಪೋರ್ಟರ್ 30 ಲಕ್ಷ ಡಾಲರ್ ಕೇಳಿ ಕೋರ್ಟಿಗೆ ಹೋದರು. ಕೊನೆಗೆ ರಾಜಿಯಾಯಿತು, ಡಾಲಿ ದುಡ್ಡು ಕಟ್ಟಿದರು. ಹಾಗಂತ ದ್ವೇಷ ಇಟ್ಟುಕೊಳ್ಳಲಿಲ್ಲ. 2007ರಲ್ಲಿ, ಪೋರ್ಟರ್ ತೀರಿಕೊಳ್ಳುವ ಕೆಲವೇ ತಿಂಗಳ ಮೊದಲು, ಓಪ್ರಿಯಲ್ಲಿ ಅವರ 50ನೇ ವರ್ಷದ ಸಮಾರಂಭ ನಡೆದಾಗ ಡಾಲಿ ಬಂದು ಅದೇ ಹಾಡನ್ನು ಮತ್ತೆ ಅವರ ಮುಂದೆ ಹಾಡಿದರು.

ಒಂದು ನಿಮಿಷ, ಅದು ವಿಟ್ನಿ ಹ್ಯೂಸ್ಟನ್ ಹಾಡಲ್ವಾ?

ಜಾಸ್ತಿ ಜನ ಕೇಳುವ ಪ್ರಶ್ನೆ ಇದೇ. ಬರೆದದ್ದು 1973ರಲ್ಲಿ, ಡಾಲಿ. 1974ರಲ್ಲಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನ. 1982ರಲ್ಲಿ ಒಂದು ಸಿನಿಮಾಕ್ಕಾಗಿ ಅವರೇ ಮತ್ತೆ ಹಾಡಿದಾಗ ಮತ್ತೆ ಮೊದಲ ಸ್ಥಾನ. ಆಮೇಲೆ 1992ರಲ್ಲಿ 'ದಿ ಬಾಡಿಗಾರ್ಡ್' ಸಿನಿಮಾಕ್ಕೆ ವಿಟ್ನಿ ಹಾಡಿದರು, ಅದು ಬಿಲ್‌ಬೋರ್ಡ್ ಹಾಟ್ 100ರಲ್ಲಿ, ಅಂದರೆ ಎಲ್ಲ ಬಗೆಯ ಹಾಡುಗಳ ಪಟ್ಟಿಯಲ್ಲಿ, 14 ವಾರ ಮೊದಲ ಸ್ಥಾನದಿಂದ ಕದಲಲಿಲ್ಲ.

ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ವಿಟ್ನಿಯದು ಆಕಾಶಕ್ಕೆ ಏರುವ ದನಿ, ಬಾಗಿಲಲ್ಲಿ ನಿಂತು ಇಡೀ ಊರಿಗೆ ಕೇಳುವ ಹಾಗೆ ವಿದಾಯ ಹೇಳಿದಂತೆ. ಡಾಲಿಯದು ಎದುರಿಗೆ ಕೂತ ಒಬ್ಬನೇ ಮನುಷ್ಯನಿಗೆ ಹೇಳಿದ್ದು, ನಡುವೆ ಒಂದು ಕಡೆ ಹಾಡುವುದನ್ನೇ ಬಿಟ್ಟು ಸುಮ್ನೆ ಮಾತಾಡುತ್ತಾರೆ. ನನಗೆ ಡಾಲಿಯದೇ ಹತ್ತಿರ. ಆದರೆ ಡಾಲಿ ಯಾವತ್ತೂ ಹಾಗೆ ಹೋಲಿಸಿ ಮಾತಾಡಿಲ್ಲ. ವಿಟ್ನಿಯ ದನಿಯಲ್ಲಿ ಅದನ್ನು ಮೊದಲ ಸಲ ಕೇಳಿದಾಗ ಕಾರು ಓಡಿಸುತ್ತಿದ್ದೆ, ಎದೆ ಹೊಡೆದುಕೊಂಡ ರಭಸಕ್ಕೆ ಪಕ್ಕಕ್ಕೆ ನಿಲ್ಲಿಸಬೇಕಾಯಿತು ಅಂತ ಹೇಳಿಕೊಂಡಿದ್ದಾರೆ.

ಎಲ್ವಿಸ್‌ಗೆ ಇಲ್ಲ ಅಂದರಂತೆ?

ರಾಕ್ ಅಂಡ್ ರೋಲ್ ದೊರೆ ಎಲ್ವಿಸ್ ಪ್ರೀಸ್ಲಿಗೆ ಆ ಹಾಡು ಹಿಡಿಸಿತ್ತು, ಹಾಡುವುದು ಹೆಚ್ಚುಕಡಿಮೆ ಖಾಯಂ ಆಗಿತ್ತು. ಡಾಲಿ ಊರಿಗೆಲ್ಲ ಹೇಳಿಕೊಂಡಾಗಿತ್ತು. ಆಗ ಎಲ್ವಿಸ್ ಅವರ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಫೋನ್ ಮಾಡಿ, ಎಲ್ವಿಸ್ ಹಾಡಬೇಕಾದರೆ ಪಬ್ಲಿಷಿಂಗ್ ಹಕ್ಕಿನಲ್ಲಿ ಅರ್ಧ ಬರೆದುಕೊಡಬೇಕು, ನಮ್ಮ ಪದ್ಧತಿ ಅದು ಅಂದರು. ಡಾಲಿ ಆಗಲ್ಲ ಅಂದರು. ರಾತ್ರಿಯೆಲ್ಲ ಅತ್ತರು. ಎಲ್ವಿಸ್ ಹಾಡಲಿಲ್ಲ.

ಈ 'ಪಬ್ಲಿಷಿಂಗ್' ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಹಾಡಿನಲ್ಲಿ ಎರಡು ಬಗೆಯ ಆಸ್ತಿ ಇರುತ್ತದೆ. ಒಂದು, ಬರೆದ ಹಾಡು, ಅಂದರೆ ಸಾಹಿತ್ಯ ಮತ್ತು ರಾಗ. ಇನ್ನೊಂದು, ಯಾರೋ ಸ್ಟುಡಿಯೋದಲ್ಲಿ ಹಾಡಿದ ರೆಕಾರ್ಡಿಂಗ್. ಬೇರೆ ಯಾರು ಹಾಡಿದರೂ ಮೊದಲನೆಯ ಆಸ್ತಿಯ ಒಡೆಯರಿಗೆ ಪಾಲು ಬರುತ್ತದೆ. ಅಮೆರಿಕದ ರೇಡಿಯೋದಲ್ಲಂತೂ ಹಾಡು ಪ್ರಸಾರವಾದರೆ ದುಡ್ಡು ಹೋಗುವುದು ಬರೆದವರಿಗೆ ಮತ್ತು ಪಬ್ಲಿಷರಿಗೆ ಮಾತ್ರ, ಹಾಡಿದವರಿಗಲ್ಲ. ಡಾಲಿ ಎರಡೂ ತಾವೇ ಆಗಿದ್ದರು. ಹಾಗಾಗಿ 1992ರಿಂದ ಆಚೆ ವಿಟ್ನಿಯ ದನಿ ಅಲ್ಲಿನ ರೇಡಿಯೋದಲ್ಲಿ ಕೇಳಿದಾಗಲೆಲ್ಲ ಡಾಲಿಯ ಖಾತೆಗೆ ದುಡ್ಡು ಬಂತು. ಆ ದುಡ್ಡಿನಲ್ಲಿ ನ್ಯಾಶ್‌ವಿಲ್‌ನ ಕಪ್ಪು ಜನರ ಬಡಾವಣೆಯೊಂದರಲ್ಲಿ ಆಫೀಸು ಕಟ್ಟಡ ಕೊಂಡರು. ಇದು ವಿಟ್ನಿ ಕಟ್ಟಿಸಿದ ಮನೆ ಅಂತಲೇ ಅಂದುಕೊಳ್ಳುತ್ತೇನೆ ಅಂತ 2021ರಲ್ಲಿ ಹೇಳಿದರು.

ಓದು ಬಾರದ ರೈತನ ಮಗಳು ಒಂದು ಕಾಗದಕ್ಕೆ ಸಹಿ ಹಾಕಲ್ಲ ಅಂತ ನಿಂತಳಲ್ಲ, ಆ ರಾತ್ರಿಯ ಧೈರ್ಯ ಎಂಥದ್ದು ಅಂತ ಯೋಚಿಸಿ. ಎದುರಿಗಿದ್ದದ್ದು ಎಲ್ವಿಸ್! ಹಾಡು ಬರೆಯುವ ಯಾವ ಹುಡುಗ ಹುಡುಗಿ ನನ್ನನ್ನು ಕೇಳಿದರೂ ನಾನು ಮೊದಲು ಹೇಳುವ ಕಥೆ ಇದೇ. ನಮ್ಮಲ್ಲೂ ಎಷ್ಟೋ ಜನ ಬರೆದ ಹಾಡನ್ನು ಪತ್ರ ಓದದೆ ಕೊಟ್ಟುಬಿಡುತ್ತಾರೆ.

'ಕೋಟ್ ಆಫ್ ಮೆನಿ ಕಲರ್ಸ್' ಹಾಡಿನಲ್ಲಿ ಇರುವುದು ನಿಜವಾಗಿ ನಡೆದದ್ದಾ?

ನಡೆದದ್ದು. ಯಾರೋ ಕೊಟ್ಟ ಬಟ್ಟೆ ಚೂರುಗಳನ್ನು ಸೇರಿಸಿ ಅಮ್ಮ ಮಗಳಿಗೊಂದು ಕೋಟು ಹೊಲಿದರು. ಕೌದಿ ಹೊಲಿಯುವುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ, ಒಂದು ಕೆಂಪು ತುಂಡು, ಪಕ್ಕದಲ್ಲಿ ಒಂದು ನೀಲಿ, ಅಂಚಿಗೆ ಇನ್ಯಾವುದೋ ಚೂರು, ಒಂದಕ್ಕೊಂದು ಸಂಬಂಧ ಇಲ್ಲ, ಆದರೆ ಹೊಲಿದವರ ಕೈ ಎಲ್ಲದರಲ್ಲೂ ಒಂದೇ. ಹೊಲಿಯುತ್ತಾ ಅಮ್ಮ ಬೈಬಲ್ಲಿನ ಯೋಸೇಫನ ಬಣ್ಣಬಣ್ಣದ ಅಂಗಿಯ ಕಥೆ ಹೇಳಿದರು. ಮಗು ಅದನ್ನು ತೊಟ್ಟು ರಾಜಕುಮಾರಿಯ ಹಾಗೆ ಶಾಲೆಗೆ ಹೋಯಿತು. ಶಾಲೆಯಲ್ಲಿ ಮಕ್ಕಳು ನಕ್ಕರು.

ಹಾಡು ಬರೆದದ್ದು 1969ರಲ್ಲಿ, ಪೋರ್ಟರ್ ಅವರ ಟೂರ್ ಬಸ್ಸಿನಲ್ಲಿ. ಬರೆಯಲು ಕಾಗದ ಸಿಗಲಿಲ್ಲ. ಪೋರ್ಟರ್ ಅವರ ಮಿರಿಮಿರಿ ಸೂಟಿಗೆ ಡ್ರೈ ಕ್ಲೀನಿಂಗ್ ಅಂಗಡಿಯವರು ಅಂಟಿಸಿದ್ದ ರಶೀದಿ ಕಿತ್ತು, ಅದರ ಹಿಂಬದಿಯಲ್ಲಿ ಬರೆದರು. ನನಗೆ ಈ ಚಿತ್ರ ಬಿಡದೆ ಕಾಡುತ್ತದೆ: ದುಬಾರಿ ಸೂಟಿನ ರಶೀದಿ, ಅದರ ಬೆನ್ನಿಗೆ ಚಿಂದಿ ಕೋಟಿನ ಹಾಡು. 1971ರಲ್ಲಿ ರೆಕಾರ್ಡ್ ಬಂತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡುವ ಧ್ವನಿಮುದ್ರಣಗಳ ಪಟ್ಟಿಯಲ್ಲೂ ಈಗ ಅದು ಇದೆ. ತಾವು ಬರೆದ ಹಾಡುಗಳಲ್ಲೆಲ್ಲ ಇದೇ ಅಚ್ಚುಮೆಚ್ಚು ಅಂತ ಡಾಲಿ ಹೇಳುತ್ತಾರೆ.

ಜೋಲೀನ್ ಯಾರು?

ಹೊಸದಾಗಿ ಮದುವೆಯಾದ ಕಾಲದಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಕೆಂಗೂದಲಿನ ಹುಡುಗಿಯೊಬ್ಬಳಿಗೆ ಡಾಲಿಯ ಗಂಡನ ಮೇಲೆ ಮನಸ್ಸಾಗಿತ್ತು. ಗಂಡನೂ ಯಾಕೋ ಬ್ಯಾಂಕಿಗೆ ಜಾಸ್ತಿ ಹೋಗತೊಡಗಿದ್ದ. 'ಜೋಲೀನ್' ಹಾಡಿನ ಕಥೆ ಅಲ್ಲಿಂದ ಬಂತು. ಹೆಸರು ಬಂದದ್ದು ಬೇರೆ ಕಡೆಯಿಂದ: ಆಟೋಗ್ರಾಫ್ ಕೇಳಲು ಬಂದ ಪುಟ್ಟ ಹುಡುಗಿಯ ಹೆಸರು ಜೋಲೀನ್. ಹೆಸರು ಮರೆಯದಿರಲಿ ಅಂತ ಅದನ್ನೇ ಗುನುಗುತ್ತಾ ಬಸ್ಸಿಗೆ ವಾಪಸ್ ನಡೆದರಂತೆ.

ಹಾಡು 1973ರದು, ಮರುವರ್ಷ ಕಂಟ್ರಿ ಪಟ್ಟಿಯ ತುದಿ ಮುಟ್ಟಿತು. ಇದರ ಸೊಗಸು ಇರುವುದು ಎಲ್ಲಿ ಅಂದ್ರೆ, ಸವತಿಯಾಗಬಹುದಾದವಳ ಮೇಲೆ ಒಂದು ಬೈಗುಳ ಇಲ್ಲ. ನೀನು ನನಗಿಂತ ಚೆಲುವೆ, ನಿನ್ನ ಮುಂದೆ ನಾನೇನೂ ಅಲ್ಲ, ನಿನಗೆ ಯಾರು ಬೇಕಾದರೂ ಸಿಗುತ್ತಾರೆ, ನನಗೆ ಇವನೊಬ್ಬನೇ, ಬಿಟ್ಟುಬಿಡು ಅಂತ ಕೈ ಮುಗಿಯುತ್ತಾಳೆ. ಹೆಸರನ್ನು ಮತ್ತೆ ಮತ್ತೆ ಕರೆಯುವಾಗ ರಾಗ ಒಂದೊಂದೇ ಮೆಟ್ಟಿಲು ಏರುತ್ತದೆ. ಶುರುವಿನಲ್ಲಿ ಓಡುವ ಗಿಟಾರ್ ಚಿಪ್ ಯಂಗ್ ಅವರದ್ದು, ಅದು ಕೊನೆಯವರೆಗೂ ನಿಲ್ಲುವುದಿಲ್ಲ, ಹೆದರಿದ ಎದೆಬಡಿತದ ಹಾಗೆ. ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ಈ ರೆಕಾರ್ಡನ್ನು 33ರ ವೇಗಕ್ಕೆ ಇಳಿಸಿ ಓಡಿಸಿದ ಆವೃತ್ತಿಯೂ ನೆಟ್‌ನಲ್ಲಿ ಇದೆ, ಗಂಡಸಿನ ದನಿಯ ಹಾಗೆ ಕೇಳುತ್ತದೆ, ಒಮ್ಮೆ ಕೇಳಿ, ಹಾಡಿನ ಗಟ್ಟಿತನ ಆಗ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 2024ರಲ್ಲಿ ಬಿಯಾನ್ಸೆ ಇದನ್ನು ತಿರುಗಿಸಿ ಬರೆದು ಹಾಡಿದರು, ಅವರ ಜೋಲೀನ್ ಎದುರು ಬೇಡಿಕೆಯಿಲ್ಲ, ಎಚ್ಚರಿಕೆಯಿದೆ.

'ಜೋಲೀನ್' ಮತ್ತು 'ಐ ವಿಲ್ ಆಲ್ವೇಸ್ ಲವ್ ಯು' ಒಂದೇ ಹೊತ್ತಿನಲ್ಲಿ ಬರೆದಿರಬಹುದು, ಎರಡೂ ಒಂದೇ ಹಳೆಯ ಕ್ಯಾಸೆಟ್ಟಿನಲ್ಲಿ ಸಿಕ್ಕವು ಅಂತ ಡಾಲಿ ಹೇಳಿದ್ದಾರೆ. ಒಂದೇ ಕ್ಯಾಸೆಟ್ಟಿನಲ್ಲಿ!

ಗಂಡನನ್ನು ಯಾರೂ ನೋಡೇ ಇಲ್ಲ ಅಂತಾರಲ್ಲ?

ಕಾರ್ಲ್ ಡೀನ್. ನ್ಯಾಶ್‌ವಿಲ್‌ಗೆ ಬಂದಿಳಿದ ಮೊದಲ ದಿನವೇ, ಬಟ್ಟೆ ಒಗೆಯುವ ಲಾಂಡ್ರಿಯ ಹೊರಗೆ ಸಿಕ್ಕವರು. 1966ರ ಮೇ 30ರಂದು ಮದುವೆ. ಈಗಲೇ ಬೇಡ, ಒಂದು ವರ್ಷ ಕಾಯಿ ಅಂತ ರೆಕಾರ್ಡ್ ಕಂಪನಿಯವರು ಹೇಳಿದ್ದರು. ಟೆನೆಸಿಯ ಪೇಪರಿನಲ್ಲಿ ಬರದಿರಲಿ ಅಂತ ಗಡಿ ದಾಟಿ ಜಾರ್ಜಿಯಾದ ರಿಂಗ್‌ಗೋಲ್ಡ್ ಊರಿಗೆ ಹೋಗಿ ಮದುವೆಯಾದರು. ಜೊತೆಗಿದ್ದದ್ದು ಅಮ್ಮ ಮಾತ್ರ.

ಕಾರ್ಲ್ ರಸ್ತೆಗೆ ಡಾಂಬರು ಹಾಕುವ ಕೆಲಸದವರು. ಒಮ್ಮೆ ಹೆಂಡತಿಯ ಜೊತೆ ಪ್ರಶಸ್ತಿ ಸಮಾರಂಭಕ್ಕೆ ಹೋದರು, ವಾಪಸ್ ಬಂದು ಇನ್ನು ಮುಂದೆ ಇಂಥದ್ದಕ್ಕೆ ನನ್ನ ಕರೀಬೇಡ ಅಂದರು. ಡಾಲಿ ಕರೆಯಲಿಲ್ಲ. ಹೀಗೆ ಸುಮಾರು 59 ವರ್ಷದ ಸಂಸಾರ. 2025ರ ಮಾರ್ಚ್ 3ರಂದು ಕಾರ್ಲ್ ತೀರಿಕೊಂಡರು. ಮಕ್ಕಳಿಲ್ಲ. ಡಾಲಿಯ ತಮ್ಮಂದಿರು, ತಂಗಿಯರಲ್ಲಿ ಹಲವರು ಇವರ ಮನೆಯಲ್ಲೇ ಬೆಳೆದವರು.

ಸಿನಿಮಾ?

1980ರ '9 ಟು 5' ಮುಖ್ಯ. ಜೇನ್ ಫೋಂಡಾ, ಲಿಲಿ ಟಾಮ್ಲಿನ್ ಜೊತೆ. ಆಫೀಸಿನಲ್ಲಿ ದುಡಿಯುವ ಮೂವರು ಹೆಂಗಸರು, ಒಬ್ಬ ಕೆಟ್ಟ ಬಾಸ್. ಬಾಸ್ಟನ್‌ನಲ್ಲಿ 1973ರಲ್ಲಿ ಆಫೀಸು ಕೆಲಸದ ಹೆಂಗಸರು ಅದೇ ಹೆಸರಿನಲ್ಲಿ ಕಟ್ಟಿದ ಸಂಘಟನೆ ಅದಕ್ಕೆ ಪ್ರೇರಣೆ. ಟೈಟಲ್ ಹಾಡು ನಾನೇ ಬರೆಯಬೇಕು ಅನ್ನೋ ಷರತ್ತಿನ ಮೇಲೆ ಡಾಲಿ ಒಪ್ಪಿಕೊಂಡರು. ಶೂಟಿಂಗ್ ಬಿಡುವಿನಲ್ಲಿ ಉದ್ದುದ್ದ ಕೃತಕ ಉಗುರುಗಳನ್ನು ಒಂದಕ್ಕೊಂದು ಉಜ್ಜಿದಾಗ ಟೈಪ್‌ರೈಟರ್ ಸದ್ದು ಬಂತು, ಆ ತಾಳಕ್ಕೇ ಹಾಡು ಕಟ್ಟಿದರು. ರೆಕಾರ್ಡಿಂಗ್‌ನಲ್ಲೂ ಉಗುರು ಬಾರಿಸಿದ್ದಾರೆ, ವಾದ್ಯಗಾರರ ಹೆಸರಿನ ಜೊತೆ ಅದನ್ನೂ ಹಾಕಿದ್ದಾರೆ. 1981ರಲ್ಲಿ ಹಾಟ್ 100ರ ಮೊದಲ ಸ್ಥಾನ, ಆಸ್ಕರ್‌ಗೆ ನಾಮನಿರ್ದೇಶನ. 1983ರಲ್ಲಿ ಕೆನ್ನಿ ರೋಜರ್ಸ್ ಜೊತೆಗಿನ 'ಐಲ್ಯಾಂಡ್ಸ್ ಇನ್ ದ ಸ್ಟ್ರೀಮ್' ಕೂಡ ಮೊದಲ ಸ್ಥಾನಕ್ಕೆ ಹೋಯಿತು, ಬರೆದವರು ಬೀ ಜೀಸ್ ತಂಡದವರು.

ಆ ವಿಗ್ಗು, ಮೇಕಪ್ಪು, ಮೈಗೆ ಅಂಟಿದ ಬಟ್ಟೆ... ಯಾಕೆ?

ಚಿಕ್ಕವರಿದ್ದಾಗ ಊರಲ್ಲಿ ಒಬ್ಬಳು ಹೆಂಗಸಿದ್ದಳು. ಹಳದಿ ಕೂದಲು, ಕೆಂಪು ತುಟಿ, ಎತ್ತರದ ಹಿಮ್ಮಡಿ. ಊರವರು ಅವಳನ್ನು ನಡತೆಗೆಟ್ಟವಳು ಅನ್ನುತ್ತಿದ್ದರು. ಪುಟ್ಟ ಡಾಲಿಗೆ ಅವಳಷ್ಟು ಚೆಂದದವರು ಬೇರೆ ಯಾರೂ ಕಾಣಲಿಲ್ಲ, ದೊಡ್ಡವಳಾದ ಮೇಲೆ ನಾನು ಹೀಗೇ ಇರ್ತೀನಿ ಅಂದುಕೊಂಡರು. ಮೇಕಪ್ ಕೊಳ್ಳುವ ದುಡ್ಡಿಲ್ಲದ ದಿನಗಳಲ್ಲಿ ಕಾಡುಹಣ್ಣಿನ ರಸವೇ ತುಟಿಯ ಬಣ್ಣ, ಸುಟ್ಟ ಬೆಂಕಿಕಡ್ಡಿಯೇ ಹುಬ್ಬಿನ ಕಪ್ಪು. ನೋಡಿದವರು ಏನಾದರೂ ಅಂದುಕೊಳ್ಳಲಿ, ಇದು ಅವರು ಚಿಕ್ಕಂದಿನಲ್ಲೇ ಆರಿಸಿಕೊಂಡ ಅಂದ. ಅವರ ಬಗ್ಗೆ ಮಾತು ಬಂದಾಗ ಎಷ್ಟೋ ಜನ ಇಲ್ಲಿಗೇ ನಿಂತುಬಿಡುತ್ತಾರೆ, ಹಾಡಿನವರೆಗೆ ಬರುವುದೇ ಇಲ್ಲ. ನನಗೆ ಬೇಜಾರಾಗುವುದು ಅದಕ್ಕೆ.

ಕುರಿಯ ಕಥೆ ಏನು?

1996ರಲ್ಲಿ ಸ್ಕಾಟ್ಲೆಂಡ್‌ನ ರಾಸ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲಿ ಹುಟ್ಟಿದ ತದ್ರೂಪಿ ಕುರಿ ಡಾಲಿಯ ಹೆಸರು ಇವರದ್ದೇ. ಆ ಕುರಿಯನ್ನು ಮಾಡಿದ್ದು ದೊಡ್ಡ ಕುರಿಯ ಕೆಚ್ಚಲಿನ ಜೀವಕೋಶದಿಂದ, ಅದಕ್ಕೇ ವಿಜ್ಞಾನಿಗಳಿಗೆ ಈ ಹೆಸರು ಹೊಳೆಯಿತು. ಡಾಲಿ ಬೇಸರ ಮಾಡಿಕೊಳ್ಳಲಿಲ್ಲ.

ಡಾಲಿವುಡ್ ಅಂದ್ರೆ?

ಪಿಜನ್ ಫೋರ್ಜ್ ಊರಿನ ಥೀಮ್ ಪಾರ್ಕ್. ಮೊದಲೇ ಇದ್ದ ಪಾರ್ಕಿಗೆ ಇವರು ಪಾಲುದಾರರಾಗಿ 1986ರಲ್ಲಿ ಈ ಹೆಸರು ಬಂತು. ಊರಿನ ಜನಕ್ಕೆ ಊರಲ್ಲೇ ಕೆಲಸ ಸಿಗಲಿ ಅನ್ನೋದು ಉದ್ದೇಶ. ಈಗ ಸೆವಿಯರ್ ಕೌಂಟಿಯಲ್ಲಿ ಅತಿ ಹೆಚ್ಚು ಜನಕ್ಕೆ ಕೆಲಸ ಕೊಟ್ಟಿರುವುದು ಇದೇ. ಸ್ಮೋಕಿ ಬೆಟ್ಟ ನೋಡಲು ಗ್ಯಾಟ್ಲಿನ್‌ಬರ್ಗ್ ಕಡೆ ಹೋಗುವ ನಮ್ಮವರು ಪಿಜನ್ ಫೋರ್ಜ್ ದಾಟಿಕೊಂಡೇ ಹೋಗಿರುತ್ತಾರೆ.

ಇಲ್ಲಿ ಒಂದು ಕಹಿಯನ್ನೂ ಹೇಳಬೇಕು. 1988ರಲ್ಲಿ ಶುರುವಾದ ಅವರ ಕುದುರೆ ಪ್ರದರ್ಶನ ಮತ್ತು ಊಟದ ಕಾರ್ಯಕ್ರಮದ ಹೆಸರಿನಲ್ಲಿ 'ಡಿಕ್ಸಿ' ಅಂತ ಇತ್ತು. ಗುಲಾಮಗಿರಿಯ ಕಾಲದ ಅಮೆರಿಕದ ದಕ್ಷಿಣ ರಾಜ್ಯಗಳನ್ನು ಹಾಡಿ ಹೊಗಳುವ ಪದ ಅದು. ಟೀಕೆ ಬಂದ ಮೇಲೆ 2018ರಲ್ಲಿ ತೆಗೆದರು. ನನಗೆ ಅದು ನೋವು ಕೊಡುತ್ತೆ ಅಂತ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಇಟ್ಟುಕೊಳ್ಳಲಿಲ್ಲ ಅನ್ನುವುದು ಅವರ ಮಾತಿನ ಸಾರ. 30 ವರ್ಷ ತಡ ಅನ್ನುವುದು ನನ್ನ ಅಭಿಪ್ರಾಯ, ತೆಗೆದದ್ದು ಸರಿ ಅನ್ನುವುದೂ.

ಪುಸ್ತಕ ಹಂಚುತ್ತಾರಂತಲ್ಲ?

1995ರಲ್ಲಿ ತಮ್ಮ ಕೌಂಟಿಯ ಮಕ್ಕಳಿಗೆ ಅಂತ ಇಮ್ಯಾಜಿನೇಶನ್ ಲೈಬ್ರರಿ ಶುರು ಮಾಡಿದರು. ಮಗು ಹುಟ್ಟಿದಾಗಿನಿಂದ 5 ವರ್ಷ ತುಂಬುವವರೆಗೆ ತಿಂಗಳಿಗೊಂದು ಪುಸ್ತಕ, ಉಚಿತವಾಗಿ, ಅಂಚೆಯಲ್ಲಿ ಮನೆಗೇ ಬರುತ್ತದೆ. ಬಡವರಾ ಶ್ರೀಮಂತರಾ ಅಂತ ಕೇಳುವುದಿಲ್ಲ. ವಿಳಾಸದ ಚೀಟಿಯ ಮೇಲೆ ಅಪ್ಪ ಅಮ್ಮನ ಹೆಸರಲ್ಲ, ಮಗುವಿನ ಹೆಸರೇ ಇರುತ್ತದೆ. ಓದಲು ಬಾರದ ಮಗುವಿನ ಹೆಸರಿಗೆ ಬಂದ ಟಪಾಲು! ಈಗ ಅಮೆರಿಕದ ಜೊತೆ ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಐರ್ಲೆಂಡ್‌ನಲ್ಲೂ ಇದೆ. 2018ರಲ್ಲಿ 10 ಕೋಟಿಯನೆಯ ಪುಸ್ತಕವನ್ನು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟರು, 2023ರ ಹೊತ್ತಿಗೆ ಹಂಚಿದ ಪುಸ್ತಕಗಳ ಸಂಖ್ಯೆ 20 ಕೋಟಿ ದಾಟಿತು.

ಇದಕ್ಕೆ ಕಾರಣ ಅಪ್ಪ. ಓದು ಬರಲ್ಲ ಅನ್ನೋ ನಾಚಿಕೆ ಆ ಮನುಷ್ಯನನ್ನು ಜೀವಮಾನವಿಡೀ ಬಿಟ್ಟಿರಲಿಲ್ಲ. ಈ ಕೆಲಸಕ್ಕೆ ಡಾಲಿ ಅಪ್ಪನನ್ನೂ ಜೊತೆಗೆ ಸೇರಿಸಿಕೊಂಡರು. ಮಕ್ಕಳು ಮಗಳನ್ನು 'ಬುಕ್ ಲೇಡಿ' ಅಂತ ಕರೆಯುವುದನ್ನು ಕೇಳುವಷ್ಟು ದಿನ ಅವರು ಬದುಕಿದ್ದರು, ಸ್ಟಾರ್ ಆಗಿದ್ದಕ್ಕಿಂತ ಅದರ ಬಗ್ಗೆ ಅವರಿಗೆ ಜಾಸ್ತಿ ಹೆಮ್ಮೆ.

ಇನ್ನೊಂದು ಹೇಳಿಬಿಡುತ್ತೇನೆ. 1987ರಲ್ಲಿ ಸೆವಿಯರ್‌ವಿಲ್ ಪಟ್ಟಣದ ಕೋರ್ಟಿನ ಮುಂದೆ ಡಾಲಿಯ ಪ್ರತಿಮೆ ಇಟ್ಟರು, ಬರಿಗಾಲಲ್ಲಿ ಗಿಟಾರ್ ಹಿಡಿದು ಬಂಡೆಯ ಮೇಲೆ ಕೂತ ಹುಡುಗಿ. ಮಗಳು ಸಂಭ್ರಮದಿಂದ ಹೇಳಿದಾಗ ಅಪ್ಪ, ಪಾರಿವಾಳಗಳಿಗೆ ಅದು ಇನ್ನೊಂದು ಕಕ್ಕಸು ಅಷ್ಟೇ ಅಂತ ತಮಾಷೆ ಮಾಡಿದರು. ಅವರು ತೀರಿಕೊಂಡ ಮೇಲೆ ಒಡಹುಟ್ಟಿದವರಿಂದ ಡಾಲಿಗೆ ಗೊತ್ತಾಯಿತು: ಅಪ್ಪ ರಾತ್ರಿ ಹೊತ್ತು ಒಂದು ಬಕೆಟ್ ಸೋಪು ನೀರು, ಪೊರಕೆ ಗಾಡಿಯಲ್ಲಿ ಇಟ್ಟುಕೊಂಡು ಹೋಗಿ, ಪ್ರತಿಮೆಯ ಮೇಲಿನ ಪಾರಿವಾಳದ ಹಿಕ್ಕೆ ಉಜ್ಜಿ ತೊಳೆದು ಬರುತ್ತಿದ್ದರಂತೆ.

ಬೇರೆ ಏನೇನು ದಾನ ಮಾಡಿದ್ದಾರೆ?

ಎರಡು ಸಾಕು. 2016ರಲ್ಲಿ ಗ್ಯಾಟ್ಲಿನ್‌ಬರ್ಗ್ ಕಾಳ್ಗಿಚ್ಚಿನಲ್ಲಿ ಮನೆ ಕಳೆದುಕೊಂಡ ಕುಟುಂಬಗಳಿಗೆ 6 ತಿಂಗಳ ಕಾಲ ತಿಂಗಳಿಗೆ 1000 ಡಾಲರ್ ಕೊಡುವುದಾಗಿ ಹೇಳಿದರು, ಕೊನೆಯ ಕಂತಿನಲ್ಲಿ ಅದನ್ನು 5000 ಮಾಡಿದರು. 2020ರ ಏಪ್ರಿಲ್‌ನಲ್ಲಿ ಕೊರೊನಾ ಸಂಶೋಧನೆಗೆ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ 10 ಲಕ್ಷ ಡಾಲರ್ ಕೊಟ್ಟರು, ಅದರಲ್ಲಿ ಒಂದು ಪಾಲು ಮಾಡರ್ನಾ ಲಸಿಕೆಯ ಪ್ರಯೋಗಕ್ಕೆ ಹೋಯಿತು. ಆದರೂ ತಮ್ಮ ಸರದಿ ಬರುವವರೆಗೆ ಕಾದು, 2021ರ ಮಾರ್ಚ್‌ನಲ್ಲಿ ಲಸಿಕೆ ಹಾಕಿಸಿಕೊಂಡರು. ಹಾಕಿಸಿಕೊಳ್ಳುವಾಗ 'ಜೋಲೀನ್' ಧಾಟಿಯಲ್ಲಿ 'ವ್ಯಾಕ್ಸೀನ್' ಅಂತ ಹಾಡಿದರು.

ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಬೇಡ ಅಂದದ್ದು ಯಾಕೆ?

ರಾಕ್ ಸಂಗೀತದ ದೊಡ್ಡವರನ್ನು ಗೌರವಿಸುವ ಆ ಪಟ್ಟಿಗೆ 2022ರಲ್ಲಿ ಹೆಸರು ಬಂದಾಗ, ನಾನು ರಾಕ್ ಹಾಡಿದವಳಲ್ಲ, ಇನ್ನೊಬ್ಬರ ಜಾಗ ನನಗೆ ಬೇಡ ಅಂತ ಹಿಂದೆ ಸರಿದರು. ಸಂಸ್ಥೆಯವರು ಕೇಳಲಿಲ್ಲ, ಸೇರಿಸಿಕೊಂಡರು. ಸರಿ ಹಾಗಾದರೆ ಅಂತ 2023ರಲ್ಲಿ 'ರಾಕ್‌ಸ್ಟಾರ್' ಅನ್ನೋ ಆಲ್ಬಮ್ಮನ್ನೇ ಮಾಡಿದರು, 77ನೇ ವಯಸ್ಸಿನಲ್ಲಿ. 2025ರಲ್ಲಿ ಆಸ್ಕರ್ ಅಕಾಡೆಮಿ ಸಮಾಜಸೇವೆಗಾಗಿ ಕೊಡುವ ಜೀನ್ ಹರ್ಶೋಲ್ಟ್ ಪ್ರಶಸ್ತಿಯೂ ಬಂತು. ಟೆನೆಸಿ ವಿಧಾನಸಭೆ ತನ್ನ ಆವರಣದಲ್ಲಿ ಪ್ರತಿಮೆ ಇಡಲು 2021ರಲ್ಲಿ ಹೊರಟಾಗ ಮಾತ್ರ, ಈಗ ಅದಕ್ಕೆ ಹೊತ್ತಲ್ಲ ಅಂತ ತಡೆದರು.

ಎಲ್ಲಿಂದ ಕೇಳೋಕೆ ಶುರು ಮಾಡಲಿ?

ಮೊದಲು 'ಜೋಲೀನ್', ಆಮೇಲೆ 'ಕೋಟ್ ಆಫ್ ಮೆನಿ ಕಲರ್ಸ್' ಆಲ್ಬಮ್ ಪೂರ್ತಿ. ಪಾಪ್ ಇಷ್ಟ ಇರುವವರು 'ಹಿಯರ್ ಯು ಕಮ್ ಅಗೇನ್', '9 ಟು 5'. 1987ರಲ್ಲಿ ಲಿಂಡಾ ರಾನ್‌ಸ್ಟಾಟ್, ಎಮ್ಮಿಲೂ ಹ್ಯಾರಿಸ್ ಜೊತೆ ಮಾಡಿದ 'ಟ್ರಿಯೋ' ಆಲ್ಬಮ್ಮನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ, ಮೂರು ದನಿ ಎಲ್ಲಿ ಒಂದಾಗುತ್ತವೆ, ಎಲ್ಲಿ ಬಿಡುತ್ತವೆ ಅಂತ ಕಿವಿ ಹುಡುಕುತ್ತಾ ಹೋಗುತ್ತದೆ.

ಇಷ್ಟು ಕೇಳಿದ ಮೇಲೆ 1999ರ 'ದ ಗ್ರಾಸ್ ಈಸ್ ಬ್ಲೂ'. 90ರ ದಶಕದಲ್ಲಿ ಕಂಟ್ರಿ ರೇಡಿಯೋ ವಯಸ್ಸಾದವರ ಹಾಡು ಹಾಕುವುದನ್ನು ಬಿಟ್ಟಿತ್ತು. ಹಾಕದಿದ್ದರೆ ಬೇಡ ಅಂತ ಡಾಲಿ ಬ್ಲೂಗ್ರಾಸ್‌ಗೆ ವಾಪಸ್ ಹೋದರು, ಬ್ಯಾಂಜೋ, ಪಿಟೀಲು, ಮ್ಯಾಂಡೋಲಿನ್, ಹುಟ್ಟಿದ ಬೆಟ್ಟದ ಸಂಗೀತ. ಗ್ರ್ಯಾಮಿಯೂ ಬಂತು. ಅವರ ದನಿ ಇಷ್ಟು ಸ್ವಚ್ಛವಾಗಿ ಬೇರೆಲ್ಲೂ ಕೇಳಿಲ್ಲ ನಾನು.

ಕೇಳಲು ಆಗದ ಒಂದು ಹಾಡೂ ಇದೆ. ಡಾಲಿವುಡ್ ಪಕ್ಕದ ಹೋಟೆಲಿನಲ್ಲಿ, ಮರದ ಪೆಟ್ಟಿಗೆಯೊಂದರಲ್ಲಿ, ಅವರೇ ಬರೆದು ಮುಚ್ಚಿಟ್ಟದ್ದು. ಅದನ್ನು ತೆರೆಯುವುದು 2046ರಲ್ಲಿ, ಅವರಿಗೆ 100 ವರ್ಷ ತುಂಬುವಾಗ. ಕಾಯುತ್ತಿದ್ದೇನೆ.